ಹುಲುಗಮ್ಮನ ಮನೆಗೆ ಗಟ್ಟಿ ಬೀಗ ಬಂದದ್ದು

ಹತ್ತಿ ಬಿಡಿಸುವ ಕಾಲ ಬಂತೆಂದರೆ ಪೆದ್ದಕಡುಬೂರಿನ ಓಣಿಗಳಲ್ಲಿ ಹಗಲು ಹೊತ್ತು ಜನರೇ ಕಾಣುವುದಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದ ಹೆಂಗಸರು ಮರಳುವುದು ಹೊತ್ತು ಮುಳುಗುವಾಗಲೇ. ಅಲ್ಲಿಯವರೆಗೆ ಮನೆಯನ್ನು ಕಾಯುವುದು ಬಾಗಿಲು ಒಂದೇ. ಆ ಬಾಗಿಲು ಎಷ್ಟು ಗಟ್ಟಿ ಎಂದು ನಾವು ಯಾರೂ ನೋಡಿಕೊಂಡಿರುವುದಿಲ್ಲ. ಹುಲುಗಮ್ಮನೂ ನೋಡಿಕೊಂಡಿರಲಿಲ್ಲ.

ಹುಲುಗಮ್ಮನ ಗಂಡ ಕೆಂಚಣ್ಣ ಕುರಿ ಸಾಕಿ ಬದುಕಿದವನು. ಮಗಳು ಹಾರಿಕಾ ಬಿ.ಇಡಿ. ಮುಗಿಸಿ, ದಿನಾ ಬಸ್ಸಿಗೆ ಆದವಾನಿಗೆ ಹೋಗಿ ಟೀಚರ್ ಪರೀಕ್ಷೆಗೆ ಓದುತ್ತಿದ್ದಳು. ಹೊಸ ಮನೆ ಕಟ್ಟಿದಾಗ ಕೆಂಚಣ್ಣ ಮುಂಬಾಗಿಲಿಗೆ ಒಂದು ಲ್ಯಾಚ್ ಬೀಗ ಹಾಕಿಸಿದ್ದ. ಬಾಗಿಲು ಎಳೆದರೆ ಸಾಕು, ಟಕ್ಕೆಂದು ತಾನೇ ಬೀಳುತ್ತಿತ್ತು. ಹೊರಗಿನಿಂದ ತೆಗೆಯಲು ಮಾತ್ರ ಚಾವಿ ಬೇಕು. ಮನೆಗೆ ಬಂದವರಿಗೆಲ್ಲ ಕೆಂಚಣ್ಣ ಅದನ್ನು ಎರಡೆರಡು ಸಲ ಎಳೆದು ತೋರಿಸುತ್ತಿದ್ದ.

ಆ ಬೀಗಕ್ಕೆ ಎರಡು ಚಾವಿ. ಒಂದು ಹುಲುಗಮ್ಮನ ಸೆರಗಿನ ಗಂಟಿನಲ್ಲಿ. ಇನ್ನೊಂದು ಪಕ್ಕದ ಮನೆಯ ಲಿಂಗಕ್ಕನ ಹತ್ತಿರ. ಲಿಂಗಕ್ಕ ಗಂಡನನ್ನು ಕಳೆದುಕೊಂಡವಳು, ಮಿಷನ್ ಮೇಲೆ ರವಿಕೆ ಹೊಲಿದು ಜೀವನ ಮಾಡುತ್ತಿದ್ದಳು. ಹಾರಿಕಾ ಹುಟ್ಟಿದಾಗ ಒಂದು ತಿಂಗಳು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಿದವಳು ಆಕೆಯೇ. ಹಾರಿಕಾ ಬೇಗ ಬಂದ ದಿನ ಚಾವಿಯನ್ನೂ ಕೊಡುತ್ತಿದ್ದಳು, ತಟ್ಟೆಗೆ ಅನ್ನವನ್ನೂ ಹಾಕುತ್ತಿದ್ದಳು.

ಕಳೆದ ಡಿಸೆಂಬರಿನ ಒಂದು ಬುಧವಾರ. ಹುಲುಗಮ್ಮ ಹೊಲದಿಂದ ಬಂದಾಗ ಬಾಗಿಲು ತಾನು ಎಳೆದು ಹೋದ ಹಾಗೆಯೇ ಇತ್ತು. ಚಾವಿ ಹಾಕಿದಳು, ಬಾಗಿಲು ತೆಗೆಯಿತು. ಒಳಗೆ ಕಾಲಿಟ್ಟರೆ ಟ್ರಂಕಿನ ಮುಚ್ಚಳ ಮೇಲಕ್ಕೆ ಎದ್ದಿತ್ತು, ಸೀರೆಗಳು ನೆಲದ ಮೇಲೆ ಬಿದ್ದಿದ್ದವು. ತವರಿನಿಂದ ಬಂದ ಬೆಳ್ಳಿ ಡಾಬು ಇರಲಿಲ್ಲ. ಹಾರಿಕಾಳ ಕಾಲ್ಗೆಜ್ಜೆ ಇರಲಿಲ್ಲ. ಗೋಡೆಯ ಮೊಳೆಗೆ ನೇತುಹಾಕಿದ್ದ ಬಟ್ಟೆ ಚೀಲವೂ ಇರಲಿಲ್ಲ. ಸಾಮಾನು ತುಂಬಿಕೊಳ್ಳಲು ಕಳ್ಳನಿಗೆ ಒಂದು ಚೀಲ ಬೇಕಾಗಿತ್ತೇನೋ. ಆದರೆ ಆ ಚೀಲದಲ್ಲಿ ಹತ್ತನೆಯ ತರಗತಿಯಿಂದ ಬಿ.ಇಡಿ.ವರೆಗೆ ಹಾರಿಕಾಳ ಎಲ್ಲ ಸರ್ಟಿಫಿಕೇಟುಗಳಿದ್ದವು.

ಸಂಜೆ ಬಸ್ಸಿಗೆ ಬಂದ ಹಾರಿಕಾ ಖಾಲಿ ಮೊಳೆಯನ್ನು ನೋಡಿ ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟಳು.

ಪೊಲೀಸರು ಬಂದು ನೋಡಿ ಬರೆದುಕೊಂಡರು. "ಬೀಗ ಒಡೆದಿಲ್ಲ, ಕಿಟಕಿ ಮುರಿದಿಲ್ಲ, ಹಿತ್ತಲ ಬಾಗ್ಲದ ತಂತಿನೂ ಬಿಚ್ಚಿಲ್ಲ. ಚಾವಿ ಯಾರ ಹತ್ರ ಅದಾವು?" ಎಂದು ಕೇಳಿದರು.

"ನಮ್ ಹತ್ರ ಒಂದು, ಲಿಂಗಕ್ಕನ ಹತ್ರ ಒಂದು" ಎಂದ ಕೆಂಚಣ್ಣ.

ಅವನು ಹೇಳಿದ್ದು ಅಷ್ಟೇ. ಆದರೆ ಬಾಗಿಲ ಬಳಿ ಹತ್ತು ಜನ ನಿಂತಿದ್ದರು. ಆ ದಿನ ಲಿಂಗಕ್ಕ ದಾರ, ಲೈನಿಂಗ್ ಬಟ್ಟೆ ತರಲು ಆದವಾನಿಗೆ ಹೋಗಿದ್ದಳು. ಅದೇ ದಿನ ಹೋಗಬೇಕಿತ್ತಾ ಎಂದು ಯಾರೋ ಅಂದರು. ಮಾತು ನೀರಿನ ಟ್ಯಾಂಕಿನವರೆಗೆ ಹೋಗಿ ಬರುವಷ್ಟರಲ್ಲಿ ದೊಡ್ಡದಾಗಿತ್ತು.

ಮಾರನೇ ದಿನ ಲಿಂಗಕ್ಕ ಬಂದಳು. ಹುಲುಗಮ್ಮ ಅಂಗಳ ಗುಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಲಿಂಗಕ್ಕ ಚಾವಿಯನ್ನು ಕಟ್ಟೆಯ ಮೇಲಿಟ್ಟಳು.

"ಇದು ನನ್ ಹತ್ರ ಬ್ಯಾಡ ಹುಲುಗಮ್ಮ" ಎಂದಳು.

ಹುಲುಗಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕಸಬರಿಗೆ ಹಿಡಿದು ಒಳಗೆ ಹೋದಳು. ಅಂದಿನಿಂದ ಲಿಂಗಕ್ಕ ಊರಿನ ಮಹಿಳಾ ಸಂಘದ ಸಭೆಗೆ ಬರುವುದನ್ನೂ ಬಿಟ್ಟಳು. ರವಿಕೆ ಹೊಲಿಸಲು ಬರುವವರೂ ಕಡಿಮೆಯಾದರು.

ಮೂರು ವಾರ ಹೀಗೇ ಹೋಯಿತು. ಹಾರಿಕಾ ಸರ್ಟಿಫಿಕೇಟಿನ ನಕಲುಗಳಿಗೆ ಅರ್ಜಿ ಹಾಕಿ ಓಡಾಡುತ್ತಿದ್ದಳು. ಒಂದು ದಿನ ಕೆಂಚಣ್ಣ ಅವಳಿಗೆ ಹೇಳಿದ, "ಬೀಗ ಬದಲು ಮಾಡಿಸಮ್ಮ. ಅದೇ ನಮೂನಿ ತಾ. ಚಾವಿ ಮಾತ್ರ ಈ ಸಲ ಯಾರಿಗೂ ಕೊಡದು ಬ್ಯಾಡ."

ಆದವಾನಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಾವಿ ಅಂಗಡಿ ಇದೆ. ಅದು ದಸ್ತಗಿರಿ ಎಂಬವರದು. ಅವರ ಕಣ್ಣು ಮಂದವಾದ ಮೇಲೆ ಹೆಂಡತಿ ದಸ್ತಗಿರಮ್ಮನೇ ಕೂತು ಚಾವಿ ಕೊರೆಯುತ್ತಾರೆ, ಬೀಗ ರಿಪೇರಿ ಮಾಡುತ್ತಾರೆ, ಮನೆಗಳಿಗೆ ಹೋಗಿ ಬೀಗ ಕೂಡಿಸಿಯೂ ಬರುತ್ತಾರೆ. ಹಾರಿಕಾ ಅಲ್ಲಿಗೆ ಹೋಗಿ ಲ್ಯಾಚ್ ಬೀಗ ಕೇಳಿದಳು.

"ಹಳೇದಕ್ಕ ಏನಾತಮ್ಮ?" ದಸ್ತಗಿರಮ್ಮ ಕೇಳಿದರು.

ಹಾರಿಕಾ ಎಲ್ಲ ಹೇಳಿದಳು.

ದಸ್ತಗಿರಮ್ಮ ಚಾವಿ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟರು. "ಎಳೆದ್ರ ತಾನೇ ಬೀಳೋ ಬೀಗ. ಹೌದಲ್ಲ? ಬಾಗ್ಲಕ್ಕೂ ಚೌಕಟ್ಟಿಗೂ ನಡುವ ಸಂದು ಐತೇನು?"

"ಐತ್ರಿ. ಬೇಸಿಗಿಯೊಳಗ ಕಟ್ಟಿಗಿ ಒಣಗಿ ಬೆಳಕು ಬೀಳಂಗ ಆಗೈತಿ."

"ಸರೇ. ಇವತ್ತು ನಾ ನಿನಗ ಬೀಗ ಮಾರಲ್ಲ. ಶುಕ್ರವಾರ ನಿಮ್ಮೂರಿಗೆ ಬರ್ತೀನಿ. ನಿಮ್ಮಪ್ಪ ಅಮ್ಮನ್ನ ಮನ್ಯಾಗ ಇರಾಕ ಹೇಳು. ಆ ಲಿಂಗಕ್ಕನ್ನೂ ಕರೀರಿ."

ಲಿಂಗಕ್ಕನನ್ನು ಕರೆಯಲು ಯಾರಿಗೂ ಮುಖವಿರಲಿಲ್ಲ. ಶುಕ್ರವಾರ ಮಧ್ಯಾಹ್ನ ದಸ್ತಗಿರಮ್ಮ ಆಟೋದಿಂದ ಇಳಿದಾಗ ಕಟ್ಟೆಯ ಮೇಲೆ ಕೆಂಚಣ್ಣ, ಹುಲುಗಮ್ಮ, ಹಾರಿಕಾ ಇದ್ದರು. ಬಾಗಿಲು ಮಾಡಿದ್ದ ಬಡಿಗ ಚಿನ್ನಪ್ಪನೂ ಸುದ್ದಿ ಕೇಳಿ ಬಂದಿದ್ದ.

"ಕೆಂಚಣ್ಣ, ಬಾಗ್ಲ ಎಳೀರಿ. ಎರಡೂ ಚಾವಿ ನಿಮ್ ಮುಷ್ಟಿಯೊಳಗ ಹಿಡ್ಕೋರಿ" ಎಂದರು ದಸ್ತಗಿರಮ್ಮ.

ಕೆಂಚಣ್ಣ ನಕ್ಕ. "ಚಾವಿ ಇಲ್ಲದ ತೆಗೀತೀರೇನು? ಅದೇನು ಮಾಯಾನಾ ತಂಗಿ?"

ದಸ್ತಗಿರಮ್ಮ ಚೀಲದಿಂದ ಒಂದು ತೆಳ್ಳನೆಯ ಪ್ಲಾಸ್ಟಿಕ್ ಚೂರು ತೆಗೆದರು. ಎಲ್ಲರಿಗೂ ಬೆನ್ನು ಮಾಡಿ ಬಾಗಿಲ ಮುಂದೆ ನಿಂತರು. ಕೆಂಚಣ್ಣ ಮೂರು ಸಲ ಉಸಿರಾಡುವಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಬೀಗದ ಮೇಲೆ ಒಂದು ಗೀರು ಕೂಡ ಇರಲಿಲ್ಲ. ಅವರು ಅದನ್ನು ಮತ್ತೆ ಎಳೆದರು. ಟಕ್ಕೆಂದು ಬಿತ್ತು.

ಕೆಂಚಣ್ಣ ಮುಷ್ಟಿ ಬಿಚ್ಚಿ ಎರಡೂ ಚಾವಿಗಳನ್ನು ನೋಡಿಕೊಂಡ.

"ಇದು ಮಾಯಾ ಅಲ್ಲಣ್ಣ. ನೋಡ್ರಿಲ್ಲಿ" ಎಂದು ದಸ್ತಗಿರಮ್ಮ ಬಾಗಿಲು ತೆರೆದು, ಅದರ ಅಂಚಿನಿಂದ ಹೊರಬಂದಿದ್ದ ಬೀಗದ ನಾಲಿಗೆಯನ್ನು ತೋರಿಸಿದರು. "ಹಾರಿಕಾ, ನಿನ್ನ ಬಟ್ಟಿನಿಂದ ಒತ್ತು."

ಹಾರಿಕಾ ಬೆರಳಿನಿಂದ ಒತ್ತಿದಳು. ನಾಲಿಗೆ ಒಳಗೆ ಹೋಯಿತು. ಬಿಟ್ಟಳು, ಮತ್ತೆ ಹೊರಗೆ ಬಂತು.

"ಇದರ ಹಿಂದ ಸ್ಪ್ರಿಂಗ್ ಐತಿ. ತುದಿ ಇಳಿಜಾರು ಐತಿ. ಅದಕ್ಕಾ ಬಾಗ್ಲ ಎಳೆದ್ರ ತಾನೇ ಒಳಗ ಸರಿದು ಬೀಳ್ತೈತಿ. ಎಷ್ಟು ಸುಲಭ ಬೀಳ್ತೈತೋ ಅಷ್ಟೇ ಸುಲಭ ಹಿಂದಕ್ಕೂ ಹೋಗ್ತೈತಿ. ಕೂಸಿನ ಬಟ್ಟಿಗೆ ಮಣಿಯೋದು ಕಳ್ಳಗ ಮಣಿಯಲ್ಲೇನು? ನಿಮ್ಮನಿಗೆ ಬಂದವಗ ಚಾವಿ ಬೇಕೇ ಇರಲಿಲ್ಲ."

ಹುಲುಗಮ್ಮ ಎದ್ದಳು. ಚಪ್ಪಲಿ ಹಾಕಿಕೊಳ್ಳದೆ ಪಕ್ಕದ ಮನೆಗೆ ನಡೆದಳು.

ಲಿಂಗಕ್ಕ ಮಿಷನ್ ಮುಂದೆ ಕೂತಿದ್ದಳು. ಹುಲುಗಮ್ಮ ಹೊಸ್ತಿಲ ಹೊರಗೇ ನಿಂತಳು. ಆಗ ನಡೆದದ್ದನ್ನು ಮುಂದೆ ಸಂಘದ ಸಭೆಯಲ್ಲಿ ಹುಲುಗಮ್ಮನೇ ಹೇಳಿದಳು, ಒಂದು ಮಾತನ್ನೂ ಮುಚ್ಚಿಡಲಿಲ್ಲ.

"ಲಿಂಗಕ್ಕ, ನಾ ತಪ್ಪು ಮಾಡೀನಿ. ಆ ಬೀಗ ಚಾವಿ ಇಲ್ಲದ ತೆಗೀತೈತಿ. ಈಗ ಕಣ್ಣಾರೆ ನೋಡಿ ಬಂದೆ."

ಲಿಂಗಕ್ಕ ಮಿಷನ್ ನಿಲ್ಲಿಸಿದಳು. "ನೋಡಿ ಬಂದಿ. ನೋಡ್ದೇ ಇದ್ದಿದ್ರ?"

ಹುಲುಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನೀ ಬೈದಿದ್ರ ನಾನೂ ಬೈತಿದ್ದೆ, ಜಗಳ ಮಾಡಿ ಮುಗಿಸ್ತಿದ್ದೆ. ನೀ ಬಾಯಿ ಬಿಡಲೇ ಇಲ್ಲ. ಕಸಬರಿಗಿ ಹಿಡ್ಕೊಂಡು ಒಳಗ ಹೋದಿ. ಮೂರು ವಾರ ಆತು, ನನಗ ಅನ್ನ ಇಳಿದಿಲ್ಲ" ಎಂದಳು ಲಿಂಗಕ್ಕ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಹಾರಿಕಾನ ಸರ್ಟಿಫಿಕೇಟು ಸಿಕ್ಕವೇನು?"

ಆ ಪ್ರಶ್ನೆ ಕೇಳಿ ಹುಲುಗಮ್ಮ ಹೊಸ್ತಿಲ ಮೇಲೇ ಕೂತು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಓಣಿಯ ಜನ ನೋಡುತ್ತಿದ್ದರು. ಹುಲುಗಮ್ಮ ಎಲ್ಲರಿಗೂ ಕೇಳುವಂತೆ ಹೇಳಿದಳು, "ನಮ್ ಲಿಂಗಕ್ಕಂದು ಏನೂ ತಪ್ಪಿಲ್ಲ. ತಪ್ಪು ನಮ್ ಬಾಗ್ಲದ್ದು, ನಮ್ ಬಾಯಿದು."

ಇನ್ನು ಹೊಸ ಬೀಗದ ಮಾತು. ಕೆಂಚಣ್ಣನಿಗೆ ಈಗ ಲ್ಯಾಚ್ ಬೀಗದ ಮೇಲೆ ನಂಬಿಕೆ ಹೋಗಿತ್ತು, ಆದರೆ ಹೊಸದರ ಮೇಲೆ ನಂಬಿಕೆ ಬಂದಿರಲಿಲ್ಲ. "ಕೊಂಡಿ ಹಾಕಿ ಒಂದು ದೊಡ್ಡ ಬೀಗ ತೂಗಹಾಕ್ತೀನಿ. ಅದನ್ನ ಹೆಂಗ ತೆಗೀತಾನೋ ನೋಡ್ತೀನಿ" ಎಂದ.

"ತೂಗೋ ಬೀಗ ನೋಡಿದ್ರ ಮನ್ಯಾಗ ಯಾರೂ ಇಲ್ಲಂತ ಓಣಿ ತುದಿಗೇ ಗೊತ್ತಾಗ್ತೈತಿ" ಎಂದರು ದಸ್ತಗಿರಮ್ಮ. "ಬೀಗ ಎಷ್ಟೇ ದೊಡ್ಡದಿರಲಿ, ಕೊಂಡಿ ಹಿಡ್ಕೊಂಡಿರೋದು ನಾಕು ಸಣ್ಣ ಸ್ಕ್ರೂ. ಕಬ್ಬಿಣದ ರಾಡು ಸಿಗಿಸಿ ಮೀಟಿದ್ರ ಬೀಗ ಹಂಗೇ ಇರ್ತೈತಿ, ಕೊಂಡಿ ಕಿತ್ತು ಬರ್ತೈತಿ."

ಅವರು ಚೀಲದಿಂದ ಒಂದು ಡೆಡ್‌ಬೋಲ್ಟ್ ಬೀಗ ತೆಗೆದು ಕಟ್ಟೆಯ ಮೇಲಿಟ್ಟರು. ಚಾವಿ ತಿರುಗಿಸಿದರು. ಹೆಬ್ಬೆರಳು ದಪ್ಪದ ಉಕ್ಕಿನ ತುಂಡು ಒಂದು ಇಂಚು ಹೊರಗೆ ಬಂತು.

"ಈಗ ಒತ್ತಣ್ಣ."

ಕೆಂಚಣ್ಣ ಬೆರಳಿನಿಂದ ಒತ್ತಿದ. ಹೆಬ್ಬೆರಳಿನಿಂದ ಒತ್ತಿದ. ಬೀಗವನ್ನು ಕಟ್ಟೆಯ ಬಂಡೆಗೆ ಆನಿಸಿ ಅಂಗೈಯಿಂದ ಮೈಭಾರ ಹಾಕಿದ. ಅದು ಕೂದಲೆಳೆಯಷ್ಟೂ ಸರಿಯಲಿಲ್ಲ.

"ನಿಮ್ ಹಳೇ ಮನ್ಯಾಗ ಬಾಗ್ಲದ ಹಿಂದ ಮರದ ಅಗಳಿ ಇತ್ತಲ್ಲ?"

"ಇತ್ತು. ನಮ್ಮವ್ವ ಗ್ವಾಡಿ ತೂತಿಂದ ಎಳೆದು ಅಡ್ಡ ಹಾಕ್ತಿದ್ಲು."

"ಅದನ್ನ ಹೊರಗಿಂದ ಯಾರಾರ ಹಿಂದಕ್ಕ ನೂಕಾಕ ಆಗ್ತಿತ್ತೇನು?"

"ಬಾಗ್ಲ ಮುರೀಬೇಕು, ಅಷ್ಟೇ."

"ಇದು ಅದೇ. ಸಣ್ಣ ಉಕ್ಕಿನ ಅಗಳಿ. ಇದಕ್ಕ ಸ್ಪ್ರಿಂಗ್ ಇಲ್ಲ, ತುದಿ ಇಳಿಜಾರಿಲ್ಲ. ಒಳಗ ಸಣ್ಣ ಸಣ್ಣ ಪಿನ್ನು ಅದಾವು. ಇದರ ಚಾವಿ ಹಾಕಿದ್ರ ಮಾತ್ರ ಅದರ ಹಲ್ಲು ಆ ಪಿನ್ನೆಲ್ಲ ಸರಿಯಾದ ಎತ್ತರಕ್ಕ ಎತ್ತತಾವು. ಆಗ ಚಾವಿ ಹೊಕ್ಕಿರೋ ನಡುವಿನ ಉರುಳಿ ತಿರುಗ್ತೈತಿ, ಅದು ಅಗಳಿನ ನೂಕ್ತೈತಿ. ಬ್ಯಾರೆ ಚಾವಿ ಹಾಕಿದ್ರ ಒಂದು ಪಿನ್ನಾರ ಅಡ್ಡ ನಿಂತೇ ನಿಲ್ತೈತಿ. ಹಳೇ ಅಗಳಿ ಒಳಗಿಂದ ಮಾತ್ರ ಹಾಕಾಕ ಬರ್ತಿತ್ತು. ಇದನ್ನ ಹೊಲಕ್ಕ ಹೋಗುವಾಗ ಹೊರಗಿಂದನೂ ಹಾಕಬೌದು."

ಕೆಂಚಣ್ಣ ಆ ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ. ಅದರ ಒಳಮುಖಕ್ಕೆ ಚಾವಿಯ ತೂತು ಇರಲಿಲ್ಲ, ತಿರುಗಿಸುವ ಒಂದು ಗುಂಡಿ ಇತ್ತು. "ಒಳಗೂ ಚಾವಿ ಇರೋದು ಕೊಡ್ರಿ. ಎರಡೂ ಕಡೆ ಚಾವಿ ಇದ್ರ ಇನ್ನೂ ಗಟ್ಟಿ ಅಲ್ಲೇನು?"

"ಅದನ್ನ ಮಾತ್ರ ನಾ ಹಾಕಲ್ಲಣ್ಣ" ಎಂದರು ದಸ್ತಗಿರಮ್ಮ. ಅವರ ದನಿ ಇಳಿಯಿತು. "ನಮ್ ಚಿಕ್ಕಮ್ಮನ ಮನ್ಯಾಗ ಗ್ಯಾಸಿಗೆ ಬೆಂಕಿ ಹತ್ತಿತ್ತು. ಒಳಗಿಂದ ಚಾವಿ ಹಾಕಿದ್ರು. ಹೊಗಿಯೊಳಗ ಚಾವಿ ಸಿಗವಲ್ದು. ಗೋಡೆ ಗೂಡಿನ್ಯಾಗ ಇಟ್ಟಿದ್ರು, ಕೈ ತಡವರಿಸಿ ಹುಡುಕುವಷ್ಟರಾಗ ಆಕಿ ಎರಡೂ ಕೈ ಸುಟ್ಟುವು. ಜೀವ ಉಳೀತು, ಅದೇ ಪುಣ್ಯ. ಒಳಗಿಂದ ಹೊರಗ ಬರಾಕ ಚಾವಿ ಹುಡುಕೋ ಹಂಗ ಇರಬಾರದು. ಕತ್ತಲಿರಲಿ, ಹೊಗಿ ಇರಲಿ, ಗುಂಡಿ ತಿರುವಿದ್ರ ಬಾಗ್ಲ ತೆಗೀಬೇಕು."

ಕೆಂಚಣ್ಣ ಬೀಗವನ್ನು ಚಿನ್ನಪ್ಪನ ಕೈಗೆ ಕೊಟ್ಟ.

ಚಿನ್ನಪ್ಪ ಉಳಿ, ಡ್ರಿಲ್ ತಂದ. ಬಾಗಿಲು ಬೇವಿನ ಹಲಗೆಯದು, ಗಟ್ಟಿಯಾಗಿಯೇ ಇತ್ತು. ಹಲಗೆಯ ದಪ್ಪದೊಳಗೆ ತೂತು ಕೊರೆದು ಬೀಗ ಕೂಡಿಸಿದ. ಚೌಕಟ್ಟಿನಲ್ಲೂ ಒಂದು ತೂತು ಕೊರೆದು ಮೇಲೆ ಉಕ್ಕಿನ ಪಟ್ಟಿ ಇಟ್ಟ. ದಸ್ತಗಿರಮ್ಮ ಬಾಗಿಲು ಹಾಕಿ ಚಾವಿ ತಿರುಗಿಸಿದರೆ ಅದು ಅರ್ಧಕ್ಕೇ ನಿಂತಿತು.

"ಚಿನ್ನಪ್ಪ, ತೂತು ಆಳ ಸಾಲದು. ಅಗಳಿ ಪೂರ್ತಿ ಹೊರಗ ಬರಬೇಕು. ಅರ್ಧ ಬಂದ್ರ ಹಿಂದಕ್ಕ ನೂಕಬೌದು."

ಚಿನ್ನಪ್ಪ ಮತ್ತೆ ಕೊರೆದ. ಆಮೇಲೆ ಪಟ್ಟಿಯನ್ನು ಬಿಗಿಯಲು ತನ್ನ ಡಬ್ಬಿಯಿಂದ ಸಣ್ಣ ಸ್ಕ್ರೂ ತೆಗೆದ. ದಸ್ತಗಿರಮ್ಮ ಅವನ ಕೈ ತಡೆದು, ಮೂರು ಇಂಚಿನ ನಾಲ್ಕು ಸ್ಕ್ರೂ ಕೊಟ್ಟರು.

"ಕಳ್ಳ ಒದೆಯೋದು ಬೀಗಕ್ಕಲ್ಲ, ಬಾಗ್ಲಕ್ಕ. ಆ ಏಟೆಲ್ಲ ಬಂದು ಬೀಳೋದು ಈ ಪಟ್ಟಿ ಮೇಲೆ. ಸಣ್ಣ ಸ್ಕ್ರೂ ಚೌಕಟ್ಟಿನ ಮೇಲ್ಮೈ ಅಷ್ಟೇ ಹಿಡೀತೈತಿ, ಸೀಳಿ ಬರ್ತೈತಿ. ಉದ್ದ ಸ್ಕ್ರೂ ಕಟ್ಟಿಗಿಯೊಳಗ ಆಳಕ್ಕ ಹೋಗಿ ಕಚ್ತೈತಿ."

ಹಿತ್ತಲ ಬಾಗಿಲಿಗೆ ಬರೀ ತಂತಿ ಸುತ್ತಿದ್ದರು. ದಸ್ತಗಿರಮ್ಮ ಅದನ್ನು ನೋಡಿ ಕೆಂಚಣ್ಣನ ಮುಖ ನೋಡಿದರು. ಹೊತ್ತು ಇಳಿಯುವ ಮೊದಲು ಚಿನ್ನಪ್ಪ ಆ ಬಾಗಿಲಿಗೂ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಕೂಡಿಸಿದ.

ಹೊರಡುವಾಗ ದಸ್ತಗಿರಮ್ಮ ಇನ್ನೊಂದು ಮಾತು ಹೇಳಿದರು. "ಇದು ಎಳೆದ್ರ ಬೀಳೋ ಬೀಗಲ್ಲ. ಹೋಗುವಾಗ ಚಾವಿ ಪೂರ್ತಿ ತಿರುವಬೇಕು. ಬಾಗ್ಲ ನೂಕಿ ನೋಡಬೇಕು. ಮರೆತ್ರ ಬೀಗ ಇದ್ದೂ ಇಲ್ಲದಂಗ. ಕಳ್ಳತನ ಆಗೋದೇ ಇಲ್ಲಂತ ನಾ ಹೇಳಲ್ಲ. ಆದ್ರ ಈ ಬಾಗ್ಲ ತೆಗಿಯಾಕ ಭಾಳ ಹೊತ್ತು ಬೇಕು, ಭಾಳ ಸದ್ದು ಆಗ್ತೈತಿ. ಕಳ್ಳಗ ಅವೆರಡೂ ಬ್ಯಾಡ."

ಹುಲುಗಮ್ಮ ಹೊಸ ಬೀಗದ ಒಂದು ಚಾವಿಯನ್ನು ಲಿಂಗಕ್ಕನ ಮುಂದೆ ಹಿಡಿದಳು. ಲಿಂಗಕ್ಕ ತಲೆ ಅಲ್ಲಾಡಿಸಿದಳು. "ಈಗ ಬ್ಯಾಡ ಹುಲುಗಮ್ಮ. ಸ್ವಲ್ಪ ದಿನ ಹೋಗ್ಲಿ."

ಹುಲುಗಮ್ಮ ಒತ್ತಾಯ ಮಾಡಲಿಲ್ಲ.

ಮಾರ್ಚ್ ತಿಂಗಳಲ್ಲಿ ಹಾರಿಕಾಳ ಸರ್ಟಿಫಿಕೇಟಿನ ನಕಲುಗಳು ಬಂದವು. ಪರೀಕ್ಷೆಯ ಅರ್ಜಿಗೆ ಅವುಗಳನ್ನು ತೋರಿಸುವ ದಿನವೂ ಹತ್ತಿರವಾಗಿತ್ತು. ಅದೇ ಸಮಯಕ್ಕೆ ಕೋಸಿಗಿಯಲ್ಲಿ ಹುಲುಗಮ್ಮನ ತಮ್ಮನ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ. ಮೂವರೂ ಹೋಗಿ ಒಂದು ದಿನ ಅಲ್ಲೇ ಉಳಿದರು.

ಮರುದಿನ ಮಧ್ಯಾಹ್ನ ಬಸ್ ಇಳಿದು ಬಂದರೆ ಅವರ ಮನೆಯ ಕಟ್ಟೆಯ ಮೇಲೆ ಲಿಂಗಕ್ಕ ಕೂತಿದ್ದಳು. ಮಡಿಲಲ್ಲಿ ಗುಂಡಿ ಹಚ್ಚಬೇಕಾದ ರವಿಕೆ.

"ಮೊದಲು ಬಾಗ್ಲ ನೋಡ್ರಿ" ಎಂದಳು.

ಚೌಕಟ್ಟಿನ ಅಂಚಿನಲ್ಲಿ ಬೀಗದ ಹತ್ತಿರ ಬೇವಿನ ಕಟ್ಟಿಗೆ ಕಿತ್ತು ಬಿಳಿಯಾಗಿತ್ತು. ರಾಡು ಸಿಗಿಸಿ ಮೀಟಿದ ಗುರುತು ಮೂರು ಕಡೆ ಇತ್ತು. ಹಲಗೆಯ ಮೇಲೆ ಒದ್ದ ಕಾಲಿನ ಮಣ್ಣು ಇತ್ತು. ಬಾಗಿಲು ಮಾತ್ರ ಹಾಕಿದಂತೆಯೇ ಇತ್ತು.

"ಬೆಳಿಗ್ಗೆ ಅಂಗಳಕ್ಕ ನೀರು ಹಾಕಾಕ ಬಂದಾಗ ನೋಡಿದೆ. ಪೊಲೀಸ್‌ನೋರಿಗೆ ಫೋನ್ ಮಾಡಿಸಿದೆ. ಅವರು ಬಂದು ಫೋಟೋ ಹಿಡ್ಕೊಂಡು ಹೋದ್ರು. ನೀವು ಬರೋ ತನಕ ಇಲ್ಲೇ ಕೂಡೋಣಂತ ಕೂತೆ."

"ಬೆಳಿಗ್ಗಿಂದ ಇಲ್ಲೇ ಅದೀಯಾ?" ಹುಲುಗಮ್ಮ ಕೇಳಿದಳು.

"ಮತ್ತೆಲ್ಲಿ ಇರ್ಲಿ?"

ಕೆಂಚಣ್ಣ ಚಾವಿ ಹಾಕಿ ತಿರುಗಿಸಿದ. ಎಷ್ಟು ಮೀಟಿದರೂ ಅಗಳಿ ಬಾಗಿರಲಿಲ್ಲ, ಪಟ್ಟಿ ಸಡಿಲವಾಗಿರಲಿಲ್ಲ. ಬಾಗಿಲು ತೆರೆಯಿತು. ಹಾರಿಕಾ ಎಲ್ಲರಿಗಿಂತ ಮೊದಲು ಒಳಗೆ ಓಡಿದಳು. ಸರ್ಟಿಫಿಕೇಟಿನ ಫೈಲು ಎತ್ತಿಕೊಂಡು ಬಂದು ಒಂದೊಂದೇ ಹಾಳೆ ತಿರುವಿ ನೋಡಿದಳು. ಎಲ್ಲವೂ ಇದ್ದವು. ಫೈಲನ್ನು ಎದೆಗೆ ಒತ್ತಿಕೊಂಡೇ ಲಿಂಗಕ್ಕನ ಕಾಲು ಮುಟ್ಟಿದಳು.

"ನನಗ್ಯಾಕಮ್ಮ? ಉಳಿಸಿದ್ದು ಬೀಗ" ಎಂದಳು ಲಿಂಗಕ್ಕ. ಆಮೇಲೆ ಹುಲುಗಮ್ಮನ ಕಡೆ ಕೈ ಚಾಚಿದಳು. "ಆ ಚಾವಿ ಕೊಡು. ಬಿಸಿಲಿನ್ಯಾಗ ಹೊರಗ ಕೂತು ಸಾಕಾತು. ಮುಂದಿನ ಸಲ ಒಳಗ ಕೂತು ಕಾಯ್ತೀನಿ."

ಮೂರು ತಿಂಗಳ ಮೇಲೆ ಆ ಇಬ್ಬರು ಹೆಂಗಸರು ಮೊದಲ ಸಲ ಮನಸ್ಸು ಬಿಚ್ಚಿ ನಕ್ಕರು.

ಮುಂದಿನ ವಾರ ಕೆಂಚಣ್ಣ ಆದವಾನಿಗೆ ಹೋದ. ಹಾರಿಕಾಳ ಸರ್ಟಿಫಿಕೇಟುಗಳನ್ನು ನೋಡಿ ಅಧಿಕಾರಿಗಳು ಒಪ್ಪಿದ್ದರು. ಆ ಸುದ್ದಿ ಹೇಳಲು ಅವನು ಚಾವಿ ಅಂಗಡಿಯ ಮುಂದೆ ನಿಂತ. ಬಗಲಲ್ಲಿ ತನ್ನ ಕುರಿಗಳ ಉಣ್ಣೆಯಿಂದ ನೇಯಿಸಿದ ಒಂದು ಕರಿ ಕಂಬಳಿ ಇತ್ತು.

"ಇದೇನಣ್ಣ? ಬೀಗದ ದುಡ್ಡು ಅವತ್ತೇ ಕೊಟ್ಟೀರಲ್ಲ" ಎಂದರು ದಸ್ತಗಿರಮ್ಮ.

"ಅದು ಬೀಗಕ್ಕ ಕೊಟ್ಟಿದ್ದು ತಂಗಿ. ನೀ ಅವತ್ತು ಹಾರಿಕಾಗ ಹಳೇ ನಮೂನಿ ಬೀಗ ಮಾರಿ ಸುಮ್ನಿರಬೌದಿತ್ತು. ಆಟೋ ಮಾಡ್ಕೊಂಡು ಬಂದು ನಮ್ ಕಣ್ಣು ತೆರಸಿದಿ. ನಮ್ ಲಿಂಗಕ್ಕ ನಮಗ ವಾಪಸ್ ಸಿಕ್ಕಾಳ. ಅದಕ್ಕ ದುಡ್ಡು ಹೆಂಗ ಕೊಡ್ಲಿ?"

ಅಂಗಡಿಯ ಒಳಗೆ ಸ್ಟೂಲಿನ ಮೇಲೆ ಕೂತಿದ್ದ ದಸ್ತಗಿರಿ ಕೈ ಮುಂದೆ ಮಾಡಿ ಕಂಬಳಿಯನ್ನು ಮುಟ್ಟಿ ನೋಡಿದರು. ಕಣ್ಣು ಸರಿಯಾಗಿ ಕಾಣದಿದ್ದರೂ ಅವರ ಬೆರಳುಗಳಿಗೆ ನೇಯ್ಗೆಯ ಗಟ್ಟಿತನ ತಿಳಿಯಿತು. "ಮಸ್ತೈತಿ ಅಣ್ಣ" ಎಂದು ಹೆಗಲ ಮೇಲೆ ಹೊದ್ದುಕೊಂಡರು. ದಸ್ತಗಿರಮ್ಮ ಮುಖ ಆಚೆ ತಿರುಗಿಸಿ ಚಹಾ ತರಿಸಿದರು.

ಅಕ್ಕಂದಿರೇ, ಅಣ್ಣಂದಿರೇ, ಹುಲುಗಮ್ಮನ ಬೆಳ್ಳಿ ಡಾಬು ಇಂದಿಗೂ ಸಿಕ್ಕಿಲ್ಲ. ಕದ್ದವನು ಯಾರೆಂದೂ ತಿಳಿದಿಲ್ಲ. ಆದರೆ ಆಕೆ ಕಲಿತದ್ದನ್ನು ನಾವು ಕಳೆದುಕೊಳ್ಳದೆಯೇ ಕಲಿಯಬಹುದು.

ಈ ಹಾಳೆ ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಬಾಗಿಲ ಹತ್ತಿರ ಹೋಗಿ. ಬಾಗಿಲು ತೆರೆದಿಟ್ಟುಕೊಂಡು ಬೀಗದ ನಾಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಒಳಗೆ ಸರಿದರೆ, ಆ ಬೀಗ ಗಾಳಿಗೆ ಬಾಗಿಲು ತೆರೆಯದಂತೆ ತಡೆಯುತ್ತದೆ, ಕಳ್ಳನನ್ನು ತಡೆಯುವುದಿಲ್ಲ. ಅದರ ಜೊತೆಗೆ ಒಂದು ಡೆಡ್‌ಬೋಲ್ಟ್ ಹಾಕಿಸಿ. ಚೌಕಟ್ಟಿನ ಪಟ್ಟಿಗೆ ಉದ್ದನೆಯ ಸ್ಕ್ರೂ ಹಾಕಲು ಬಡಿಗನಿಗೆ ನೀವೇ ಹೇಳಿ, ನಿಂತು ನೋಡಿ. ಒಳಗಿನಿಂದ ಚಾವಿ ಇಲ್ಲದೆ ತೆಗೆಯುವಂತಿರಲಿ. ಹಿತ್ತಲ ಬಾಗಿಲನ್ನು ಮರೆಯಬೇಡಿ. ಮನೆ ಬಿಡುವಾಗ ಪ್ರತಿ ಸಲವೂ ಚಾವಿಯನ್ನು ಪೂರ್ತಿ ತಿರುಗಿಸಿ.

ನಿಮ್ಮದು ಆದ ಮೇಲೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ ಅವರ ಬಾಗಿಲನ್ನೂ ನೋಡಿ ಬನ್ನಿ. ಒಬ್ಬರ ಮನೆಯ ಮೇಲೆ ಇನ್ನೊಬ್ಬರ ಕಣ್ಣಿರುವ ಓಣಿಯಲ್ಲಿ ನಿಶ್ಚಿಂತೆಯಿಂದ ಹೊಲಕ್ಕೆ ಹೋಗಿ ಬರಬಹುದು.